ಕೆಳಗೆ ಬೀಳದ ಧೂಳು

ಬೀಳುತ್ತಲೇ ಇಲ್ಲ, ಕಣ್ಣೆದುರಿಗೇ ಮೇಲಕ್ಕೆ ಹೋಗುತ್ತಿದೆ, ಧೂಳು ಅಂದಮೇಲೆ ಬೀಳಬೇಕಲ್ಲ, ಕಣದಲ್ಲಿ ರಾಗಿ ತೂರಿದರೆ ಹೊಟ್ಟು ಕೂಡ ನಾಲ್ಕು ಮಾರು ಆಚೆಗೆ ಹೋಗಿ ಬಿದ್ದೇ ಬೀಳುತ್ತದೆ, ಇದು ಮಾತ್ರ ಸೂರಿನ ಗಾಜಿನ ಹೆಂಚಿನಿಂದ ಓರೆಯಾಗಿ ಇಳಿದ ಬಿಸಿಲುಕೋಲಿನಲ್ಲಿ ತಿಳಿಹಸಿರಾಗಿ ನಿಂತುಕೊಂಡಿದೆ, ಯಾರಿಗೋ ಕಾಯುತ್ತಿರುವ ಹಾಗೆ — ಅಂಕಮ್ಮ ಕೈಯಲ್ಲಿದ್ದ ಉಂಡೆ ಕೊಬ್ಬರಿಯನ್ನು ಗೋಣಿತಾಟಿನ ಚೂರಿನಿಂದ ಇನ್ನೊಂದು ಸಲ ಉಜ್ಜಿದಳು, ಬೇಕೆಂದೇ, ನೋಡೋಣ ಎಂದು, ಮತ್ತೊಂದಿಷ್ಟು ಬೂಸ್ಟು, ತೇವಕ್ಕೆ ಹಿಡಿದ ಬೂಸರು, ಎದ್ದು ಮೊದಲಿನದರ ಜೊತೆ ಸೇರಿಕೊಂಡಿತು, ಅದೂ ಬೀಳಲಿಲ್ಲ. ಇಪ್ಪತ್ತೆಂಟು ವರ್ಷ ಇದೇ ಜಾಗದಲ್ಲಿ ಕೂತು ನೋಡಿಯೂ ನೋಡದ ಹಾಗಿದ್ದವಳಿಗೆ ಈ ನಾಲ್ಕು ದಿನದಿಂದ ಇದೇ ಒಂದು ಯೋಚನೆ, ಇಷ್ಟೊಂದು ಏಳುತ್ತದಲ್ಲ, ಎದ್ದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಅತ್ತೆ, ಇದನ್ನ ಯಾವ ಗುಡ್ಡೆಗೆ ಹಾಕ್ಲಿ, ಎಂದು ಪಕ್ಕದಲ್ಲಿ ಕೂತ ಸೊಸೆ ನಯನ ಒಂದು ಉಂಡೆ ಎತ್ತಿ ತೋರಿಸುತ್ತಿದ್ದಾಳೆ, ಹೊಸ ಸೊಸೆಯೇನಲ್ಲ, ಮನೆಗೆ ಬಂದು ಮೂರು ವರ್ಷವಾಯಿತು, ಈ ಕೊಬ್ಬರಿ ಶೆಡ್ಡಿಗೆ ಬಂದು ಮಾತ್ರ ಮೂರು ದಿನ. ಶನಿವಾರ ಕಳೆದರೆ ಗಾಜಿನ ಹೆಂಚಿನ ಕೆಳಗಿನ ಈ ಜಾಗ ಅವಳದು, ಉಸಿರು ಸಾಲದ ಅಂಕಮ್ಮ ಮನೆಯಲ್ಲಿ, ಅಷ್ಟರೊಳಗೆ ಕೈಯ ಕೆಲಸ ಕಲಿಸಿಯಾಯಿತು, ಕಿವಿಯ ಕೆಲಸ ಕಲಿಸಿಯಾಯಿತು, ಉಳಿದದ್ದು ಮೂಗಿನ ಕೆಲಸ, ಅದನ್ನು ಇವತ್ತು ಊಟಕ್ಕೆ ಏಳುವುದರೊಳಗೆ ಕಲಿಸುತ್ತೇನೆಂದು ಸಾವುಕಾರ ತೋಂಟದಾರ್ಯರಿಗೆ ಬೆಳಿಗ್ಗೆಯೇ ಮಾತು ಕೊಟ್ಟಿದ್ದಾಳೆ.

ಕೈಯ ಕೆಲಸ ಏನು ಮಹಾ, ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು, ಮಟ್ಟೆ ಸುಲಿದು ಚಿಪ್ಪು ಒಡೆದು ಕೊಟ್ಟಿದ್ದನ್ನು ಇಲ್ಲಿ ಕೂತು ಉಜ್ಜುವುದು, ಆರಿಸುವುದು, ಕಿವಿಯ ಕೆಲಸವೂ ಅಷ್ಟೇ, ಎರಡು ಉಂಡೆ ಒಂದಕ್ಕೊಂದು ತಾಕಿಸಿದರೆ ಒಣಗಿದ್ದು ಟಕ್ ಎನ್ನುತ್ತದೆ, ಹಸಿ ಇದ್ದದ್ದು ದಬ್ ಎನ್ನುತ್ತದೆ, ಮೂಗಿನದೇ ಕಷ್ಟ, ಹೊರಗೆ ಬೆಣ್ಣೆ ಬಣ್ಣ ಇದ್ದು ಒಳಗೆ ಕಮಟು ಹಿಡಿದಿರುತ್ತದೆ, ಹೊರಗೆ ಹಸಿರು ಬೂಸ್ಟು ಹೊದ್ದುಕೊಂಡು ಒಳಗೆ ಬಂಗಾರ ಇರುತ್ತದೆ, ಒಡೆದು ನೋಡಿದರೆ ಉಂಡೆ ಹೋಯಿತು, ಆದ್ದರಿಂದ ಒಡೆಯದೆ ನೋಡಬೇಕು, ಕಾಯಿಯ ಕಣ್ಣಿದ್ದ ಕಡೆ ತಿರುಗಿಸಿ ಉಫ್ ಎಂದು ಊದಿ, ಮೂಗಿಗೆ ತಾಕಿಸಿ, ಉಸಿರನ್ನು ಹೊಟ್ಟೆಯ ತಳ ಮುಟ್ಟುವ ತನಕ ಎಳೆದುಕೊಳ್ಳಬೇಕು. ಎಳ್ಕೊ ಕಣೇ, ಪೂರ್ತಿ ಎಳ್ಕೊ, ಪಾಯಸ ಕುಡ್ದಂಗೆ ಎಳ್ಕೊ, ತುದಿಮೂಗಲ್ಲಿ ಮೂಸೋಕೆ ನಿನ್ನೇನು ಬೆಕ್ಕು ಅಂದ್ಕಂಡಿದೀಯಾ, ಎಂದು ಅಂಕಮ್ಮನ ಅತ್ತೆ ಲಕ್ಕಮ್ಮ ಇದೇ ಜಾಗದಲ್ಲಿ ಕೂತು ಹೇಳುತ್ತಿದ್ದಳು, ಆಗ ಅಂಕಮ್ಮನಿಗೆ ಇಪ್ಪತ್ನಾಲ್ಕು, ಚಿಕ್ಕನಾಯಕನಹಳ್ಳಿ ಕಡೆಯಿಂದ ಅರಳಗುಪ್ಪೆಗೆ ಬಂದ ಸೊಸೆ, ಮೊದಲ ದಿನ ಸೀನಿ ಸೀನಿ ಕಣ್ಣಲ್ಲಿ ನೀರು, ಲಕ್ಕಮ್ಮ ನಕ್ಕಿದ್ದೇ ನಕ್ಕಿದ್ದು, ಒಂದು ತಿಂಗಳಲ್ಲಿ ಕಲಿತಳು, ಒಂದು ವರ್ಷದಲ್ಲಿ ಅತ್ತೆಯನ್ನೇ ಮೀರಿಸಿದಳು. ತಿಪಟೂರಿನ ಈ ಸಾಲು ಶೆಡ್ಡುಗಳಲ್ಲಿ ಮೂಗಿನ ಅಂಕಮ್ಮ ಎಂದರೆ ಎಲ್ಲರೂ ಗುರುತು ಹಿಡಿಯುತ್ತಾರೆ, ದೂರದಿಂದ ಬರುವ ಖರೀದಿಯವರೂ ಅಂಕಮ್ಮ ಮೂಸಿದ ಚೀಲ ಎಂದರೆ ಬಿಚ್ಚಿ ನೋಡುವುದಿಲ್ಲ, ಅದು ಅವಳಿಗೆ ಎಷ್ಟು ಹೆಮ್ಮೆ ಎಂದರೆ ನೆಗಡಿ ಬಂದ ದಿನ ರಜೆ ಹಾಕುತ್ತಿದ್ದಳು, ಮುಖ ತೋರಿಸಲು ನಾಚಿಕೆಯಾಗುತ್ತಿತ್ತು.

ಆ ಹೆಮ್ಮೆಯ ಮೂಗಿನ ಒಡತಿಗೆ ಒಂದೂವರೆ ವರ್ಷದಿಂದ ಒಂದು ಜ್ವರ, ಅದರ ವರಸೆಯೇ ವಿಚಿತ್ರ, ಹಗಲೆಲ್ಲ ಗುಂಡುಕಲ್ಲಿನ ಹಾಗಿರುತ್ತಾಳೆ, ಶೆಡ್ಡಿನಲ್ಲಿ ಒಂದು ಕೆಮ್ಮಿಲ್ಲ, ಬಸ್ಸಿಳಿದು ಮನೆಗೆ ಹೋಗಿ ಕಾಲು ತೊಳೆದು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮೊದಲು ಚಳಿ, ಆಮೇಲೆ ಮೈಕೈ ನೋವು, ಎದೆಯ ಮೇಲೆ ಯಾರೋ ಕೂತ ಹಾಗೆ, ಒಣಕೆಮ್ಮು, ಬೆಳಿಗ್ಗೆ ಏಳುವ ಹೊತ್ತಿಗೆ ಮಾಯ, ನೆಂಟರು ಬಂದು ಹೋದ ಹಾಗೆ. ಮನೆಯಲ್ಲಿ ಬರುತ್ತದೆ ಅಂದಮೇಲೆ ಮನೆಯದೇ, ಇದಕ್ಕೆ ಶಾಸ್ತ್ರ ಕೇಳಬೇಕೇ, ಹೀಗೆಂದುಕೊಂಡು ಅಂಕಮ್ಮ ಮನೆಯ ಒಂದೊಂದನ್ನೇ ಹಿಡಿದು ವಿಚಾರಣೆ ನಡೆಸಿದಳು, ಕಂಬಳಿಯನ್ನು ಬಿಸಿಲಿಗೆ ಹಾಕಿದಳು, ಜ್ವರ ಬಂತು, ಕಂಬಳಿಯನ್ನೇ ಬಿಟ್ಟಳು, ಜ್ವರ ಬಂತು, ಬೆಕ್ಕನ್ನು ಓಡಿಸಿದಳು, ಹುರುಳಿ ಸಾರು ಬಿಟ್ಟಳು, ಮಜ್ಜಿಗೆ ಬಿಟ್ಟಳು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ಪಾಪದ ಬೆಕ್ಕಿನ ಪಾಡು. ಭಾನುವಾರ ಮಾತ್ರ ಬರುವುದಿಲ್ಲ, ಅದನ್ನೂ ಕಂಡುಹಿಡಿದಳು, ಭಾನುವಾರ ಏನು ವಿಶೇಷ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದು, ಹಾಗಾದರೆ ಬುಧವಾರವೂ ಹಾಕಿಕೊಂಡು ನೋಡೋಣ, ನಸುಕಿನಲ್ಲೇ ಎದ್ದು ನೀರು ಕಾಯಿಸಿ ಹಾಕಿಕೊಂಡಳು, ಆರದ ಕೂದಲಿನ ಜೊತೆ ಜ್ವರವೂ ಬಂತು. ಆಮೇಲೆ ಮಾಯಸಂದ್ರದ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳೆಂದು ಹೋಗಿ ಹನ್ನೆರಡು ದಿನ ಇದ್ದಳಲ್ಲ, ಹನ್ನೆರಡು ಸಂಜೆಯೂ ಜ್ವರವಿಲ್ಲ, ಎದೆ ಹಗುರ, ತಂಗಿಯ ಮನೆಯ ಮಹಡಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು, ಅಕ್ಕ, ಬಾಣಂತಿ ಥರ ಮೈ ತುಂಬ್ಕಂಡೆ ಕಣೇ ನೀನು, ಎಂದಳು ತಂಗಿ. ಸಿಕ್ಕಿತು ಕಳ್ಳ ಎಂದುಕೊಂಡ ಅಂಕಮ್ಮ ಮಾಯಸಂದ್ರದ ನೀರನ್ನು ಎರಡು ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ಹೊತ್ತು ತಂದಳು, ಕಂಡಕ್ಟರ್ ಬೈದ, ನಿಮ್ಮೂರಲ್ಲಿ ನೀರಿಲ್ವೇನಮ್ಮಾ, ಇಲ್ಲಿನದು ಬೇರೆ ಕಣಪ್ಪ, ಇದು ಉಸಿರಿಗೊಳ್ಳೇದು ಎಂದು ಅವನಿಗೂ ಬುದ್ಧಿ ಹೇಳಿದಳು, ಮಾರನೇ ದಿನ ಶೆಡ್ಡಿಗೆ ಹೋಗಿ ಬಂದು ಆ ನೀರನ್ನೇ ಕುಡಿದು ಕೂತಳು, ದೀಪ ಹಚ್ಚಿದಳು, ಹಿಂದೆಂದೂ ಬಾರದಷ್ಟು ಜ್ವರ ಬಂತು.

ದಮ್ಮು ನಮ್ಮನೆಗೆ ಹುಟ್ಟಿದ್ದು, ಬುಡು, ಎಂದ ಗಂಡ ಕೆಂಪಯ್ಯ, ಅವ್ವುಂಗೂ ಹಿಂಗೇ ಇತ್ತಲ್ಲ, ಎಂದ. ಇತ್ತು, ಲಕ್ಕಮ್ಮನಿಗೂ ಹೀಗೇ ಸಂಜೆಯ ಜ್ವರ, ಆಮೇಲೆ ಬೆಳಿಗ್ಗೆಯೂ ಬಿಡದ ಕೆಮ್ಮು, ಕೊನೆಯ ಎರಡು ವರ್ಷ ಮಂಚದ ಮೇಲೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಉಗುರುಗಳು ಕಡಲೆಬೀಜದ ಹಾಗೆ ಉಬ್ಬಿಕೊಂಡಿದ್ದವು, ಅಷ್ಟರಲ್ಲೂ ಸೊಸೆ ಶೆಡ್ಡಿನಿಂದ ಬಂದರೆ ಸೆರಗನ್ನು ಎಳೆದು ಮೂಸಿ, ಇವತ್ತು ಕಮಟು ಜಾಸ್ತಿ ಬಂದೈತೆ ಅಲ್ವೇನೇ, ಎಂದು ಸರಿಯಾಗಿ ಹೇಳುತ್ತಿದ್ದಳು. ಜಾಣೆ ಮುದುಕಿ. ಅವಳು ಹೋದಾಗ ಎಲ್ಲರೂ ಮನೆತನದ ದಮ್ಮು ಎಂದರು, ಅಂಕಮ್ಮನೂ ಹಾಗೇ ಅಂದಳು, ಅನ್ನುವಾಗ ಏನೋ ಒಂದು ಮುಳ್ಳು ತಾಕಿದ ಹಾಗಾಗಿತ್ತು, ಏನೆಂದು ಗೊತ್ತಾಗಲಿಲ್ಲ, ಈಗಲೂ ತಾಕುತ್ತದೆ, ಈಗಲೂ ಗೊತ್ತಾಗುವುದಿಲ್ಲ, ಅತ್ತೆ, ಎಂದು ನಯನ ಮತ್ತೆ ಕರೆಯುತ್ತಿದ್ದಾಳೆ, ಎಲ್ಲೋ ಇದೀರಲ್ಲ, ಇದು ಟಕ್ ಅಂತೈತೆ, ಆದ್ರೂ ಯಾಕೋ ಅನುಮಾನ. ತಗೋ, ಆ ಕಡೆ ಇಡು, ಮೂಗಿಗೆ ಹಾಕೋ ಗುಡ್ಡೆ ಅದು, ಆಮೇಲೆ ಹೇಳ್ಕೊಡ್ತೀನಿ. ಈ ವರ್ಷ ಆ ಗುಡ್ಡೆಯೇ ದೊಡ್ಡದು, ಅಕಾಲದ ಮಳೆಗೆ ಅಟ್ಟ ಸೋರಿತು, ಕಾಯಿ ನೆನೆಯಿತು, ಗಾಳಿ ಬಿದ್ದರೆ ಕೊಬ್ಬರಿಯ ಬಣ್ಣ ಕೆಡುತ್ತದೆಂದು ತೋಂಟದಾರ್ಯರು ಇದ್ದ ಎರಡು ಕಿಟಕಿಗೂ ತಗಡು ಹೊಡೆಸಿದ್ದಾರೆ, ಒಡೆದ ಉಂಡೆಗಳಲ್ಲಿ ಎಷ್ಟು ಬಗೆಯ ಬೂಸ್ಟು, ಹತ್ತಿಯಂಥ ಬಿಳಿ, ಪಾಚಿಯಂಥ ಹಸಿರು, ಅರಿಸಿನದಂಥದು, ಮಸಿಯಂಥದು, ಚೆಂದ ಎಂದರೆ ಚೆಂದವೇ, ಸುಳ್ಳೇಕೆ ಹೇಳಬೇಕು.

ನಾಲ್ಕು ದಿನದ ಹಿಂದೆ ಡಾಕ್ಟರಮ್ಮ ಗಿರಿಜಾಂಬಿಕಾ ಕೇಳಿದ್ದು ಒಂದೇ ಮಾತು, ಬೇರೆ ಡಾಕ್ಟರುಗಳು ಎಲ್ಲಿ ನೋವು ಎಂದು ಕೇಳಿದ್ದರು, ಈಕೆ ಎಲ್ಲಿ ಕೆಲಸ ಎಂದು ಕೇಳಿದರು. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ತುಂಬಾ ಹೊತ್ತು ಕೇಳಿಸಿಕೊಂಡರು, ಏನ್ ಕೇಳುಸ್ತದೆ ಡಾಕ್ಟ್ರಮ್ಮಾ, ನಂಗೂ ಒಸಿ ಕೇಳ್ಸಿ, ಎಂದಳು ಅಂಕಮ್ಮ, ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲವೇನೋ, ಅವರು ನಕ್ಕು ಕೊಳವೆಯ ತುದಿಗಳನ್ನು ಅವಳ ಕಿವಿಗೆ ಸಿಕ್ಕಿಸಿದರು, ಉಸಿರು ಎಳ್ಕೊಳ್ಳಿ ಎಂದರು, ಎಳೆದುಕೊಂಡಳು, ಒಳಗೆ ಯಾರೋ ಒಣಗಿದ ತೆಂಗಿನ ಸೋಗೆಯ ಮೇಲೆ ಮೆಲ್ಲಗೆ ನಡೆಯುತ್ತಿದ್ದರು, ಚರಚರ ಚರಚರ, ಉಸಿರು ಬಿಟ್ಟರೆ ನಿಂತುಬಿಡುತ್ತಿದ್ದರು, ಮತ್ತೆ ಎಳೆದರೆ ಮತ್ತೆ ನಡೆಯುತ್ತಿದ್ದರು. ಬೂಸ್ಟಿಗೂ ಬೀಜ ಇರುತ್ತೆ ಅಂಕಮ್ಮ, ಎಂದರು ಡಾಕ್ಟರಮ್ಮ, ಒಂದೊಂದೇ ಆದ್ರೆ ಕಣ್ಣಿಗೆ ಕಾಣಲ್ಲ, ಲಕ್ಷಗಟ್ಟಲೆ ಒಟ್ಟಿಗೆ ಎದ್ದಾಗ ಹೊಗೆ ಥರ ಕಾಣುತ್ತೆ, ಉಸಿರಲ್ಲಿ ಒಳಗೆ ಹೋದ್ರೆ ಕೆಲವರ ಶ್ವಾಸಕೋಶಕ್ಕೆ ಅದು ಆಗಿಬರಲ್ಲ, ಸಿಟ್ಟಿಗೆದ್ದು ಊದಿಕೊಳ್ಳುತ್ತೆ, ವರ್ಷಗಟ್ಟಲೆ ಹೀಗೇ ಆದ್ರೆ ಗಾಯ ಒಣಗಿದ ಕಡೆ ಚರ್ಮ ಗಟ್ಟಿಯಾಗುತ್ತಲ್ಲ, ಹಾಗೆ ಒಳಗೂ ಗಟ್ಟಿಯಾಗುತ್ತೆ, ಆಗಿದ್ದು ಹಿಂದಕ್ಕೆ ಹೋಗಲ್ಲ, ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ, ಎಂದರು. ಅಂಕಮ್ಮನಿಗೆ ಅಲ್ಲೊಂದು ಪ್ರಶ್ನೆ ಉಳಿದಿತ್ತು, ಶೆಡ್ಡಲ್ಲಿ ಇದ್ದಾಗ ಬರಬೇಕಿತ್ತಲ್ಲ, ಮನೇಲಿ ಯಾಕೆ ಬತ್ತದೆ? ದೋಸೆ ಹಿಟ್ಟು ರುಬ್ಬಿದ ತಕ್ಷಣ ಉಬ್ಬುತ್ತೇನ್ರೀ, ಎಂದರು ಅವರು, ಐದಾರು ಗಂಟೆ ಬೇಡವಾ? ಆ ಮಾತು ಅಂಕಮ್ಮನಿಗೆ ಬಹಳ ಹಿಡಿಸಿತು, ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ನೋಡಿದಳು, ಮಧ್ಯಾಹ್ನ ಒಂದಕ್ಕೆ ಮೂಸುವ ಗುಡ್ಡೆ ಮುಗಿಯುತ್ತದೆ, ಎರಡು, ಮೂರು, ನಾಲ್ಕು, ಐದು, ಆರು, ದೀಪ ಹಚ್ಚುವ ಹೊತ್ತು, ಹೌದಲ್ಲ, ಭಾನುವಾರ ಶೆಡ್ಡಿಗೆ ರಜೆ, ಹೌದಲ್ಲ, ಮಾಯಸಂದ್ರದಲ್ಲಿ ನೀರಿತ್ತು, ಶೆಡ್ಡಿರಲಿಲ್ಲ, ಅಯ್ಯೋ ಬೆಕ್ಕೇ, ನಿನ್ನನ್ನು ಸುಮ್ಮನೆ ಓಡಿಸಿದೆನಲ್ಲೇ. ಗಾಬರಿಯಾಗುವ ಬದಲು ಅವಳಿಗೆ ಒಳಗೊಳಗೇ ಖುಷಿಯಾಯಿತು, ಒಂದೂವರೆ ವರ್ಷ ಸಿಕ್ಕದ ಕಳ್ಳ ಸಿಕ್ಕಿದ್ದಕ್ಕೆ.

ಮಾರನೇ ದಿನ ಡಾಕ್ಟರಮ್ಮ ಕೊಟ್ಟ ಬಿಳಿ ಮಾಸ್ಕು, ಬಟ್ಟೆಯದಲ್ಲ, ಗಟ್ಟಿಯದು, ಎರಡು ಪಟ್ಟಿ ಹಾಕಿ ಬಿಗಿದುಕೊಂಡು ಬಂದು ಕೂತಳು, ಸೆರಗು ಮುಚ್ಚಿಕೊಂಡರೆ ಪ್ರಯೋಜನವಿಲ್ಲ ಎಂದು ಅವರು ಹೇಳಿದ್ದರು, ಕೂತಳು ಸರಿ, ಉಂಡೆ ಮೂಗಿಗಿಟ್ಟರೆ ಏನೂ ಇಲ್ಲ, ಗೋಡೆ ಮೂಸಿದ ಹಾಗೆ, ಮೂಗು ಮುಚ್ಚಿಕೊಂಡು ಮೂಗಿನ ಕೆಲಸ ಮಾಡುವುದು ಹೇಗೆ, ಅಂದಾಜಿನ ಮೇಲೆ ಆರಿಸಿದಳು, ಸಂಜೆ ತೋಂಟದಾರ್ಯರು ಒಳ್ಳೆಯ ಗುಡ್ಡೆಯಿಂದ ಒಂದನ್ನು ಎತ್ತಿ ಒಡೆದು ನೋಡಿದರು, ಒಳಗೆ ಕಮಟು, ಇನ್ನೊಂದು ಒಡೆದರು, ಅದೂ. ಬೈಯಲಿಲ್ಲ, ಒಳ್ಳೆಯ ಮನುಷ್ಯ, ಬೈದಿದ್ದರೆ ಚೆನ್ನಾಗಿತ್ತು, ಅಂಕಮ್ಮ ಮಾಸ್ಕು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅದು ಮತ್ತೆ ಮುಖಕ್ಕೆ ಏರಲಿಲ್ಲ. ಮೈ ಸರಿ ಇಲ್ದಿದ್ರೆ ಮನೇಲಿರು ಅಂಕಮ್ಮ, ಎಂದರು, ನಿಮ್ಮತ್ತೆ ನಿಂಗೆ ಕೊಟ್ಟು ಹೋದ್ಲು, ನೀನು ನಿನ್ನ ಸೊಸೆಗೆ ಕೊಟ್ಟು ಹೋಗು, ಆ ಜಾಗ ನಿಮ್ಮನೇದೇ ಕಣಮ್ಮ, ಬೇರೆಯವ್ರಿಗೆ ಕೊಡಾಕಿಲ್ಲ. ಎಷ್ಟು ದೊಡ್ಡ ಮಾತು, ಅಂಕಮ್ಮನ ಕಣ್ಣು ತುಂಬಿತು, ಮನೆಗೆ ಹೋಗಿ ನಯನಳಿಗೆ ಹೇಳಿದರೆ ಅವಳು ಕುಣಿದಳು, ನಾನ್ ಬತ್ತೀನಿ ಅತ್ತೆ, ಮನೇಲಿ ಕೂತು ಕೂತು ಸಾಕಾಗೈತೆ, ಮಗ ಅರುಣನೂ ಬೇಡ ಅನ್ನಲಿಲ್ಲ. ಆದರೂ ಒಂದು ಕ್ಷಣ ಅನುಮಾನ ಬಂದದ್ದುಂಟು, ನನಗೆ ಆಗದ್ದು ಇವಳಿಗೆ ಆಗುತ್ತದೆಯೇ ಎಂದು, ಆದರೆ ಡಾಕ್ಟರಮ್ಮನೇ ಹೇಳಿದ್ದರಲ್ಲ, ಕೆಲವರ ಶ್ವಾಸಕೋಶಕ್ಕೆ ಎಂದು, ಎಲ್ಲರದಕ್ಕೂ ಎಂದಿಲ್ಲವಲ್ಲ, ನನ್ನ ಮೈ ಮನೆತನದ ದಮ್ಮಿನ ಮೈ, ಇವಳದು ಬೇರೆ ಮೈ, ತುರುವೇಕೆರೆಯ ಗಟ್ಟಿ ಪಿಂಡ, ಒಂದು ಸಲ ನೆಗಡಿಯಾಗಿದ್ದನ್ನು ನೋಡಿಲ್ಲ, ಹೀಗೆ ಅಂಕಮ್ಮ ಆ ಒಂದು ಪದವನ್ನು, ಕೆಲವರ ಎಂಬುದನ್ನು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ನಿಶ್ಚಿಂತೆಯಾಗಿದ್ದಳು.

ನಿಶ್ಚಿಂತೆ ಆಯಿತು, ಕುತೂಹಲ ಹೋಗಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಹಸಿ ಕೊಬ್ಬರಿಯ ಒಂದು ಚೂರು ಹಾಕಿ ಮನೆಯ ಕಿಟಕಿಯಲ್ಲಿಟ್ಟು ದಿನಾ ನೋಡುತ್ತಿದ್ದಾಳೆ, ನಯನಳಿಗೂ ತೋರಿಸುತ್ತಾಳೆ, ಮೊನ್ನೆ ಏನೂ ಇರಲಿಲ್ಲ, ನಿನ್ನೆ ಹತ್ತಿಯ ಎಳೆ, ಇವತ್ತು ಬೆಳಿಗ್ಗೆ ನಡುವೆ ಒಂದು ಹಸಿರು ಚುಕ್ಕೆ, ನೋಡಿ ಅತ್ತೆ, ಕಾಳು ಕಟ್ಟೈತೆ, ಎಂದು ನಯನ ಬೆಳೆ ನೋಡುವವಳ ಹಾಗೆ ಹೇಳಿದಳು, ಇಬ್ಬರೂ ನಕ್ಕರು. ಶೆಡ್ಡಿನಲ್ಲೂ ಒಂದು ಪರೀಕ್ಷೆ ಇಟ್ಟಿದ್ದಾಳೆ, ನಿನ್ನೆ ತಟ್ಟೆಯೊಂದಕ್ಕೆ ಕೊಬ್ಬರಿ ಎಣ್ಣೆ ಸವರಿ ಕಾಲ ಬಳಿ ಇಟ್ಟುಕೊಂಡಳು, ಬಿದ್ದದ್ದು ಅಂಟಿಕೊಳ್ಳಲಿ, ಎಷ್ಟು ಬೀಳುತ್ತದೆ ನೋಡೋಣ, ಸಂಜೆ ಬೆರಳಿಂದ ಬಳಿದು ನೋಡಿದರೆ ಉಗುರಿನ ತುದಿಯಷ್ಟು ಕೊಳೆ, ಅದರಲ್ಲಿ ಹಸಿರು ಇತ್ತೋ ಇಲ್ಲವೋ. ಬೆಳಿಗ್ಗೆಯಿಂದ ಎದ್ದದ್ದು ಎಷ್ಟು, ಬಿದ್ದದ್ದು ಎಷ್ಟು, ನಡುವಿನದು ಎಲ್ಲಿ? ಸೂರಿಗೆ ಹೋಗಿ ಅಂಟಿಕೊಂಡಿದೆಯೇ ಎಂದು ಅಟ್ಟದ ಮೇಲಿನ ಹುಚ್ಚಣ್ಣನನ್ನು ಕೇಳಿದಳು, ಕಾಯಿ ಇಳಿಸುವವನು ಅವನು, ಅವಳಿಗಿಂತ ಎರಡು ವರ್ಷ ಹಳಬ, ಹೆಂಚಿನ ಒಳಮೈ ಒರಸಿ ನೋಡಣ್ಣ, ಬೂಸ್ಟಿನ ಪುಡಿ ಐತಾ, ಎಂದು ಕೂಗಿದಳು, ಅವನು ಒರಸಿ, ಬರೀ ಹೊಗೆ ಮಸಿ ಕಣವ್ವ, ಬೂಸ್ಟಿಲ್ಲ, ಎಂದು ಹೇಳುವುದರೊಳಗೆ ಮೂರು ಸಲ ಕೆಮ್ಮಿದ. ಬೀಡಿ ಕೆಮ್ಮು ಎಂದು ಎಲ್ಲರೂ ಅನ್ನುತ್ತಾರೆ, ಅಂಕಮ್ಮನೂ ಅನ್ನುತ್ತಾಳೆ, ಅಂದವಳು ನಿನ್ನೆ ಮೊದಲ ಸಲ ನೆನಪು ಮಾಡಿಕೊಂಡಳು, ಹುಚ್ಚಣ್ಣ ಬೀಡಿ ಸೇದಿದ್ದನ್ನು ಯಾವತ್ತು ನೋಡಿದೆ? ಎಲೆ ಅಡಿಕೆ ಹಾಕುತ್ತಾನೆ, ಅದು ಬಾಯಿಗೆ, ಬೀಡಿ ಮುಟ್ಟುವುದಿಲ್ಲ, ಸೋಗೆ ಮಟ್ಟೆ ತುಂಬಿದ ಅಟ್ಟದಲ್ಲಿ ಬೀಡಿ ಸೇದಲು ಯಾವ ಸಾವುಕಾರ ಬಿಟ್ಟಾನು, ಹಾಗಾದರೆ ಬೀಡಿಯಿಲ್ಲದ ಬೀಡಿ ಕೆಮ್ಮು ಎಲ್ಲಿಂದ ಬಂತು. ನಿನ್ನೆಯಿಂದ ಈ ಎರಡು ಪ್ರಶ್ನೆ ಅವಳ ತಲೆಯಲ್ಲಿ ಅಕ್ಕಪಕ್ಕ ಕೂತಿವೆ, ಒಂದನ್ನೊಂದು ಮಾತಾಡಿಸಿಲ್ಲ.

ಹೊತ್ತಾಗುತ್ತಿದೆ, ಬಿಸಿಲುಕೋಲು ಗೋಡೆ ಬಿಟ್ಟು ನೆಟ್ಟಗಾಗುತ್ತಿದೆ, ಈಗ ಅದು ಸರಿಯಾಗಿ ನಯನಳ ಮಡಿಲಿನ ಮೇಲೆ, ಹಳೆಯ ಸೀರೆಯ ಕೆಂಪು ಅಂಚು ಹೊಳೆಯುತ್ತಿದೆ, ಆ ಸೀರೆ ಲಕ್ಕಮ್ಮನದು, ಕೆಲಸಕ್ಕೆ ಹಳೇದು ಇರ್ಲಿ ಎಂದು ಅಂಕಮ್ಮನೇ ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದು, ಪಕ್ಕಕ್ಕೆ ತಿರುಗಿದರೆ ಲಕ್ಕಮ್ಮನೇ ಕೂತ ಹಾಗೆ, ಅದೇ ಸೀರೆ, ಅದೇ ಜಾಗ, ಗೋಣಿತಾಟು ಕೂಡ ಅದೇ ಮೂಲೆಯಲ್ಲಿ ಸವೆದದ್ದು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಇಲ್ಲಿ ಎಲ್ಲರಿಗೂ ಒಂದೇ ಕಾಲ. ಅತ್ತೆ, ಮೂಗಿನ ಗುಡ್ಡೆ ತುಂಬ್ತು, ಹೇಳ್ಕೊಡಿ, ಎನ್ನುತ್ತಿದ್ದಾಳೆ ನಯನ. ಹ್ಞೂಂ, ತಗೋ ಒಂದು, ಕಣ್ಣಿನ ಕಡೆ ತಿರುಗ್ಸು, ಅದಲ್ಲ, ಆ ಕಡೆ, ಹಾಂ. ಎಷ್ಟು ನೀಟಾಗಿ ಹಿಡಿದಿದ್ದಾಳೆ, ಎರಡು ಬೆರಳಿನ ನಡುವೆ, ಯಾರೂ ಹೇಳಿಕೊಡದೆ, ಲಕ್ಕಮ್ಮ ಹಿಡಿಯುತ್ತಿದ್ದ ಹಾಗೇ, ರಕ್ತದಲ್ಲೇ ಬಂದ ಹಾಗೆ, ರಕ್ತದಲ್ಲಿ ಎಲ್ಲಿಂದ ಬಂದೀತು, ಇವಳು ತುರುವೇಕೆರೆಯವಳು, ಲಕ್ಕಮ್ಮನಿಗೂ ಇವಳಿಗೂ ಏನು ರಕ್ತ — ಏನು ರಕ್ತ? ಲಕ್ಕಮ್ಮನಿಗೂ ನನಗೂ ಏನು ರಕ್ತ? ಆ ಮುಳ್ಳು, ಮತ್ತೆ ತಾಕಿತು, ಈ ಸಲ ತುದಿ ಸಿಕ್ಕಿತು, ನಾನು ಚಿಕ್ಕನಾಯಕನಹಳ್ಳಿ ಕಡೆಯವಳು, ನನ್ನ ಅಪ್ಪನಿಗೆ ದಮ್ಮಿಲ್ಲ, ಅವ್ವನಿಗಿಲ್ಲ, ಕಾಲು ಮುರಿದ ತಂಗಿಗೆ ಕಾಲೊಂದು ಬಿಟ್ಟು ಎಲ್ಲ ಗಟ್ಟಿ, ಲಕ್ಕಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಕೆಂಪಯ್ಯ ಅರವತ್ತಾದರೂ ತೋಟಕ್ಕೆ ನಡೆದೇ ಹೋಗಿ ಬರುತ್ತಾನೆ, ಮೊಮ್ಮಗ ಅರುಣ ಕೋಣದ ಹಾಗಿದ್ದಾನೆ, ಮನೆತನದ ದಮ್ಮು ಮನೆಯ ರಕ್ತಕ್ಕೆ ಬರದೆ ಸೊಸೆಗೆ ಬಂತೇ, ಎಂಥ ಮನೆತನದ ದಮ್ಮು ಅದು, ಲಕ್ಕಮ್ಮನೂ ಆ ಮನೆಗೆ ಸೊಸೆಯಾಗಿ ಬಂದವಳೇ ಅಲ್ಲವೇ, ಅವಳು ನನಗೆ ರಕ್ತ ಕೊಡಲಿಲ್ಲ, ಹಾಲು ಕೊಡಲಿಲ್ಲ, ಕೊಟ್ಟದ್ದು ಒಂದೇ, ಈ ಜಾಗ, ಈ ಜಾಗ ಮತ್ತು, ಎಳ್ಕೊ ಕಣೇ ಪೂರ್ತಿ ಎಳ್ಕೊ, ಅಷ್ಟೇ, ಬೇರೇನು ಕೊಟ್ಟಳು, ಬೇರೇನೂ ಇಲ್ಲ.

ಉಫ್ — ನಯನ ಊದಿದಳು, ಯಾವಾಗ ಹೇಳಿಕೊಟ್ಟೆ ಇವಳಿಗೆ, ಹೇಳಿಕೊಟ್ಟಿರಬೇಕು, ಬಾಯಿ ತನ್ನಷ್ಟಕ್ಕೆ ಹೇಳುತ್ತಾ ಹೋಗಿರಬೇಕು, ಊದಿದ ರಭಸಕ್ಕೆ ಉಂಡೆಯ ಮೇಲಿನ ಹಸಿರೆಲ್ಲ ಎದ್ದಿತು, ಬಿಸಿಲುಕೋಲಿನ ತುಂಬ, ಇಷ್ಟು ಹತ್ತಿರದಿಂದ ಇಷ್ಟು ಬೆಳಕಿನಲ್ಲಿ ಅಂಕಮ್ಮ ಯಾವತ್ತೂ ನೋಡಿರಲಿಲ್ಲ, ನಯನಳ ಮುಖದ ಸುತ್ತ ಮೆಲ್ಲಗೆ ಸುತ್ತುತ್ತಿದೆ, ಮೂಗುತಿಯ ಕಲ್ಲಿನ ಮೇಲೂ ಒಂದಿಷ್ಟು, ಬೀಳುತ್ತಿಲ್ಲ, ನಿಂತಿದೆ, ಕಾಯುತ್ತಿದೆ, ಈಗ ಎಳ್ಕೊಳ್ಳೋದಾ ಅತ್ತೆ, ಎನ್ನುತ್ತಿದ್ದಾಳೆ, ಬೇಡ ಎಂದು ಹೇಳಬೇಕು, ಅಂಕಮ್ಮನ ಬಾಯಿಗೆ ಬರುತ್ತಿರುವುದು ಇಪ್ಪತ್ತೆಂಟು ವರ್ಷದ ಒಂದೇ ಮಾತು, ಪೂರ್ತಿ, ಪೂರ್ತಿ, ಬೇಡ ಎಂಬ ಮಾತು ಎಲ್ಲಿ ಹೋಯಿತು, ಎದೆಯೊಳಗೆ ಸೋಗೆಯ ಮೇಲೆ ಯಾರೋ ಓಡುತ್ತಿದ್ದಾರೆ, ನಯನ ಕಣ್ಣು ಮುಚ್ಚಿದಳು, ಉಂಡೆಯನ್ನು ಮೂಗಿಗೆ ತಾಕಿಸಿದಳು, ಎಳೆದುಕೊಂಡಳು — ನಿಂತಿದ್ದ ಹಸಿರು ವಾಲಿತು, ವಾಲಿ ತೆಳ್ಳಗಾಯಿತು, ಎಳೆಯಾಗಿ, ದಾರ ಸುತ್ತಿಕೊಂಡ ಹಾಗೆ, ಒಂದೇ ಕಡೆಗೆ, ಅವಳ ಮೂಗಿನ ಕಡೆಗೆ ಹರಿಯಿತು, ಬುಡೇ, ಬುಡೇ ಅದನ್ನ, ಎದ್ದೇಳೇ ಇಲ್ಲಿಂದ, ಎಂದು ಅಂಕಮ್ಮನ ಕೈ ಹೋಗಿ ಬಡಿಯಿತು, ಉಂಡೆ ಗಡಗಡ ಉರುಳಿ ಗೋಡೆಯವರೆಗೂ ಹೋಯಿತು, ಸಾಲಾಗಿ ಕೂತು ಉಜ್ಜುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು, ಯಾಕತ್ತೆ, ಎನ್ನುತ್ತಿದ್ದಾಳೆ ನಯನ, ತಪ್ಪಾಯ್ತಾ, ನೀವೇಳ್ದಂಗೇ ಪೂರ್ತಿ ಎಳ್ಕೊಂಡ್ನಲ್ಲ. ಅಂಕಮ್ಮ ಅವಳ ಮುಂಗೈ ಬಿಗಿಯಾಗಿ ಹಿಡಿದುಕೊಂಡು ಬೆಳಕನ್ನೇ ನೋಡುತ್ತಿದ್ದಾಳೆ, ಹಸಿರಿಲ್ಲ, ಸೂರಿಗೂ ಹೋಗಿಲ್ಲ, ಎಣ್ಣೆ ಸವರಿದ ತಟ್ಟೆಗೂ ಬಿದ್ದಿಲ್ಲ, ಬಿಸಿಲುಕೋಲು ಈಗ ತೊಳೆದ ಹಾಗೆ, ಒಂದು ಕಣ ಇಲ್ಲದೆ, ಖಾಲಿ. ಖಾಲಿ ಬೆಳಕು.